ಗುರುಸಿದ್ದವ್ವನ ನಂಬರು

ದಾಂಡೇಲಿಯ ಗ್ಯಾರೇಜು ಸಾಲಿನ ಹಿಂದಿನ ಗಲ್ಲಿಯಲ್ಲಿ ಒಂಬತ್ತು ಮಕ್ಕಳ ಲಸಿಕೆ ಒಂದೇ ಮೊಬೈಲ್ ನಂಬರಿಗೆ ಜೋತುಬಿದ್ದಿತ್ತು. ಆ ನಂಬರು ಮಕ್ಕಳ ಅಪ್ಪಂದಿರದ್ದಲ್ಲ, ಅವ್ವಂದಿರದ್ದೂ ಅಲ್ಲ, ಆಶಾ ಕಾರ್ಯಕರ್ತೆ ಗುರುಸಿದ್ದವ್ವನದು. ಇದೇನು ತಮಾಷೆ ಎಂದು ಕೇಳಬೇಡಿ. ಆ್ಯಪಿನಲ್ಲಿ ಪ್ರತಿ ಮಗುವಿನ ಹೆಸರಿಗೆ ಒಂದು ನಂಬರು ಬೇಕು. ಸೂಜಿ ಚುಚ್ಚಿದ ಮೇಲೆ ಆ ನಂಬರಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಮಾತ್ರ ಚೌಕದೊಳಗೆ ಹಸಿರು ಗುರುತು ಬೀಳುತ್ತದೆ. ಮನೆಗಿರುವ ಒಂದೇ ಫೋನು ಗಂಡಸಿನ ಕಿಸೆಯಲ್ಲಿ. ಗಂಡಸು ಕುಂಬಾರವಾಡದ ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಅಡಿಯಲ್ಲಿ. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇತ್ತ ಮಗು ತೊಡೆ ಹಿಡಿದುಕೊಂಡು ಅರಚುತ್ತದೆ, ಸಿಸ್ಟರ್ ಓಟಿಪಿ ಓಟಿಪಿ ಎಂದು ಗೋಗರೆಯುತ್ತಾಳೆ. ನೋಡಿ ನೋಡಿ ತಲೆಕೆಟ್ಟು ಗುರುಸಿದ್ದವ್ವ ಒಂದು ದಿನ, "ನಂದ ಹಾಕ್ಕೋರಿ ಅತ್ಲಾಗ!" ಎಂದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಎಂದಿದ್ದಳು, ಅದರಲ್ಲಿ ಅನುಮಾನ ಬೇಡ.

ಗುರುಸಿದ್ದವ್ವ ಧಾರವಾಡ ಕಡೆಯವಳು. ಗಂಡ ಅಂದಾನೆಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು, ಹದಿನಾರು ವರ್ಷದಿಂದ ಈ ಗಲ್ಲಿಯ ಬಸುರಿ ಬಾಣಂತಿಯರನ್ನೆಲ್ಲ ನೋಡಿದವಳು. ಮೆಕ್ಯಾನಿಕ್ ಫೈಜಾನನ ಹೆಂಡತಿ ನಿಲೋಫರಳ ಎರಡೂ ಹೆರಿಗೆಗೆ ದವಾಖಾನೆಯಲ್ಲಿ ಪಕ್ಕಕ್ಕೆ ನಿಂತವಳು ಅವಳೇ. ಮೊದಲನೆಯದು ಖುಷ್ಬೂ, ಐದು ವರ್ಷ ತುಂಬಿದ ಬಾಯಿಬಡುಕಿ. ಗುರುಸಿದ್ದವ್ವನ ಗುಲಾಬಿ ಸೀರೆ ಗಲ್ಲಿಯ ತುದಿಯಲ್ಲಿ ಕಂಡರೆ ಸಾಕು, "ಸೂಯೀ ನಾನಿ ಆಯೀ!" ಎಂದು ಕೂಗಿ ಹಳೆಯ ಟಾಯರುಗಳ ರಾಶಿಯೊಳಗೆ ಇಳಿದುಬಿಡುತ್ತಿದ್ದಳು. ಒಳಗಿನಿಂದಲೇ, "ಸೂಯೀ ನಕ್ಕೋ, ನಕ್ಕೋ!" ಎಂಬ ಕೂಗು, ಸೂಜಿ ಬೇಡವೇ ಬೇಡವೆಂದು.

"ಏ ಹುಚ್ಚವ್ವಾ, ನಾ ಯಾ ಕಡಿಂದ ಅಜ್ಜಿ ಕಾಣತೇನಿ ನಿನಗ? ತಲ್ಯಾಗ ಒಂದ ಬಿಳಿ ಕೂದ್ಲಾ ತೋರಸು ನೋಡೂಣು!" ಎಂದು ಇವಳು ಟಾಯರಿನ ಬಾಯಿಗೆ ಬಗ್ಗಿ ಬೈದರೆ, ಒಳಗೆ ಕಿಲಕಿಲ ನಗು. ತನ್ನ ಹೊಟ್ಟೆಯಲ್ಲಿ ಹೆಣ್ಣು ಹುಟ್ಟಲಿಲ್ಲವೆಂಬ ಕೊರಗು ಗುರುಸಿದ್ದವ್ವನಿಗೆ ಆ ಹುಡುಗಿಯನ್ನು ಕಂಡಾಗಲೆಲ್ಲ ಅಷ್ಟಷ್ಟು ಕಡಿಮೆಯಾಗುತ್ತಿತ್ತು.

ಖುಷ್ಬೂಗೆ ಒಂದೂವರೆ ವರ್ಷದ ಸೂಜಿ ಲಾಕ್‌ಡೌನಿನ ಗದ್ದಲದಲ್ಲಿ ತಪ್ಪಿಹೋಗಿತ್ತು. ಐದು ವರ್ಷದ್ದನ್ನು ತಪ್ಪಿಸಲೇಬಾರದು ಎಂದು ಸಹನಾ ಸಿಸ್ಟರ್ ಹತ್ತು ಸಲ ಹೇಳಿದ್ದಳು. ಸೂಜಿ ಹಾಕುವವಳು, ಆ್ಯಪು ತುಂಬುವವಳು ಅವಳೇ. ಆದರೆ ಆ ಮಾರ್ಚಿನಲ್ಲಿ ನಿಲೋಫರ ತಮ್ಮನ ಮದುವೆಗೆಂದು ಮಕ್ಕಳನ್ನು ಕಟ್ಟಿಕೊಂಡು ಮುಂಡಗೋಡಿನ ತವರಿಗೆ ಹೋದಳು. ಮೂವತ್ತೊಂದನೆಯ ತಾರೀಖು ಬಂತು. ಮೇಲಿನವರಿಂದ ಸಹನಾಳಿಗೆ ಬೆಳಗಿನಿಂದ ನಾಲ್ಕು ಸಲ ಫೋನು ಬಂದಿತ್ತು. ಅವಳ ಮುಖ ಬಾಡಿಹೋಗಿತ್ತು.

"ಅಕ್ಕಾರ, ಬಾಕಿ ಪಟ್ಟಿ ಇವತ್ತ ಸೊನ್ನಿ ಆಗಬೇಕಂತ. ನಿಮ್ಮ ಗಲ್ಲ್ಯಾಗ ಖುಷ್ಬೂ ಒಬ್ಬಾಕಿ ಉಳದಾಳ. ಗುರ್ತ ಹಾಕಿಬಿಡ್ತೇನಿ. ಊರಿಂದ ಬಂದ ಮ್ಯಾಲ ಗುರುವಾರ ಲಸಿಕಿ ದಿನಾ ಚುಚ್ಚಿದರಾತು. ಓಟಿಪಿ ಹೇಳ್ರಿ."

ಓಟಿಪಿ ಎಲ್ಲಿಗೆ ಬರಬೇಕು? ಗುರುಸಿದ್ದವ್ವನ ಕೈಯೊಳಗಿನ ಫೋನಿಗೇ ಬಂತು. ನಮ್ಮ ಹುಡುಗಿ ಎಲ್ಲಿ ಓಡಿಹೋಗುತ್ತಾಳೆ ಎಂದುಕೊಂಡಳು, ಆರು ಅಂಕಿ ಹೇಳಿದಳು. ಖುಷ್ಬೂನ ಖಾಲಿ ಚೌಕಗಳೆರಡೂ ಹಸಿರಾದವು. ಇಷ್ಟೇ ಆದದ್ದು.

ನಿಲೋಫರ ಬಂದದ್ದು ಮೇ ತಿಂಗಳಲ್ಲಿ. ಮೊದಲ ಗುರುವಾರ ಹುಡುಗಿಗೆ ನೆಗಡಿ, ಎರಡನೆಯ ಗುರುವಾರ ಗುರುಸಿದ್ದವ್ವನಿಗೆ ಟ್ರೇನಿಂಗು, ಆಮೇಲೆ ಡೆಂಗಿ ಸರ್ವೆ. ಪ್ರತಿ ತಿಂಗಳು ಬಾಕಿ ಪಟ್ಟಿ ಬರುತ್ತಿತ್ತು, ಅದರಲ್ಲಿ ಖುಷ್ಬೂನ ಹೆಸರೇ ಇರುತ್ತಿರಲಿಲ್ಲ. ಪಟ್ಟಿಯಿಂದ ಹೋದ ಹುಡುಗಿ ಸಹನಾಳ ತಲೆಯಿಂದಲೂ ಹೋದಳು, ಗುರುಸಿದ್ದವ್ವನ ತಲೆಯಿಂದಲೂ ಹೋದಳು. ಜೂನಿನಲ್ಲಿ ಶಾಲೆಯವರು ಲಸಿಕೆಯ ಪ್ರಮಾಣಪತ್ರ ಕೇಳಿದಾಗ ಅದನ್ನು ತೆಗೆಸಿಕೊಟ್ಟವಳೂ ಇವಳೇ. ಝೆರಾಕ್ಸ್ ಅಂಗಡಿಯಲ್ಲಿ ಕಾಗದ ಹೊರಬಂದಾಗ ಆ ಎರಡು ಗುರುತು ಕಣ್ಣಿಗೆ ಬಿದ್ದವು. ಮುಂದಿನ ಗುರುವಾರ ಖಂಡಿತ ಎಂದುಕೊಂಡು, "ಎಲ್ಲಾ ಆಗ್ಯಾವ ನೋಡವಾ," ಎಂದು ನಿಲೋಫರಳಿಗೆ ಕೊಟ್ಟಳು. ನಿಲೋಫರ ಆ ಕಾಗದವನ್ನು ಹುಡುಗಿಯ ಮೊದಲ ಡಿಗ್ರಿಯೆಂಬಂತೆ ಲ್ಯಾಮಿನೇಶನ್ ಮಾಡಿಸಿಟ್ಟಳು.

ನವೆಂಬರಿನಲ್ಲಿ ಖುಷ್ಬೂಗೆ ಜ್ವರ ಬಂತು. ಎರಡು ದಿನ ಮೆಡಿಕಲ್ ಅಂಗಡಿಯ ಗುಳಿಗೆ. ಮೂರನೆಯ ದಿನ ಬೆಳಿಗ್ಗೆ ಕುತ್ತಿಗೆ ಬಾತು ಗದ್ದಕ್ಕೆ ಸಮವಾಗಿತ್ತು, ಕುಡಿದ ನೀರು ಮೂಗಿನಲ್ಲಿ ಬಂತು. ಫೈಜಾನ ಊರಲ್ಲಿರಲಿಲ್ಲ, ಕ್ಯಾಸಲ್‌ರಾಕ್ ಕಡೆ ಜೆಸಿಬಿ ರಿಪೇರಿಗೆ ಹೋಗಿದ್ದ. ನಿಲೋಫರ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಲೇ ಬಂದು ಗುರುಸಿದ್ದವ್ವನ ಬಾಗಿಲು ಬಡಿದಳು. ಇಬ್ಬರೂ ಹುಡುಗಿಯನ್ನೆತ್ತಿಕೊಂಡು ಒಂದು ಖಾಸಗಿ ದವಾಖಾನೆಗೆ ಓಡಿದರು.

ಡಾಕ್ಟರು ಬ್ಯಾಟರಿ ಹಿಡಿದು ಗಂಟಲು ನೋಡಿದರು, ಹುಬ್ಬು ಗಂಟಿಕ್ಕಿದರು. "ಗಂಟಲಮಾರಿ, ಡಿಫ್ತೀರಿಯಾ ಇದ್ದಂಗ ಕಾಣ್ತದಲ್ಲಾ. ಲಸಿಕಿ ಎಲ್ಲಾ ಆಗ್ಯಾವೇನು?"

ನಿಲೋಫರ ಚೀಲದಿಂದ ಆ ಗಟ್ಟಿ ಕಾಗದ ತೆಗೆದು ಕೊಟ್ಟಳು. "ಒಂದೂ ಬಿಟ್ಟಿಲ್ರಿ ಡಾಕ್ಟರ. ನಮ್ಮ ಅಕ್ಕಾ ಬಿಡೂದ ಇಲ್ಲ," ಎಂದು ಗುರುಸಿದ್ದವ್ವನ ಕಡೆ ತೋರಿಸಿದಳು.

ಡಾಕ್ಟರು ಹಸಿರು ಗುರುತುಗಳ ಮೇಲೆ ಬೆರಳಾಡಿಸಿದರು. "ಐದ ವರ್ಷದ್ದೂ ಆಗೇತಿ. ಹಂಗಾರ ಟಾನ್ಸಿಲ್ ಕೀವ ಆಗಿರಬೇಕು. ಔಷಧ ಏರಸೂಣು, ನಾಳೀತನಕ ನೋಡೂಣು."

ಆಗ ಹೇಳಬೇಕಿತ್ತು. ಬಾಯಿ ತೆರೆದರೆ ಸಾಕಿತ್ತು! ಗುರುಸಿದ್ದವ್ವ ಆ ಕಾಗದ ತೆಗೆದು ಮತ್ತೆ ಚೀಲಕ್ಕೆ ಹಾಕಿದಳು. ಕೆಲಸ ಹೋಗುತ್ತದೆ ಎಂದು ಹೆದರಿದಳು, ಸಹನಾ ಮೂರು ತಿಂಗಳ ಬಸುರಿ ಎಂಬುದು ನೆನಪಾಯಿತು, ಡಾಕ್ಟರೇ ಟಾನ್ಸಿಲ್ ಅಂದ ಮೇಲೆ ಟಾನ್ಸಿಲ್ಲೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಹುಡುಗಿಯ ಉಸಿರು ಗರಗರ ಎನ್ನುತ್ತಿತ್ತು.

ಮೂರರ ಹೊತ್ತಿಗೆ ನಿಲೋಫರ ಬಂದು ಪಕ್ಕಕ್ಕೆ ಕೂತಳು. "ಅಕ್ಕಾ, ಒಂದ ಮಾತ ಕೇಳ್ಲೇನ್ರಿ? ಮುಂಡಗೋಡದಾಗ ಇದ್ದಾಗ ನಾ ಈಕೀನ ಸೂಜಿಗೆ ಕರಕೊಂಡ ಹೋಗಿದ್ದೆ. ಐದ ವರ್ಷದ್ದು ಬಾಕಿ ಐತಿ ಅಂತ ನೀವ ಹೇಳಿದ್ರೆಲ್ಲಾ. ಅಲ್ಲಿ ಸಿಸ್ಟರ್ ನಿಮ್ಮ ನಂಬರ ಹಾಕಿ ನೋಡಿ, 'ಇದು ಆಗೇತಲ್ಲವಾ, ಎರಡ ಸಲ ಮಾಡಬಾರದು' ಅಂತ ಹೊಳ್ಳಿ ಕಳಿಸಿದ್ರು. ಆಗಿಲ್ರಿ ಅಂದೆ. ಆ್ಯಪ್ ಸುಳ್ಳ ಹೇಳತೈತೇನ ಅಂತ ನನ್ನ ನೋಡಿ ನಕ್ಕರು. ನನಗ ಮರವಾಗಿರಬೇಕು, ಹೌದಿಲ್ರಿ?"

ಗುರುಸಿದ್ದವ್ವನಿಗೆ ಈಗ ಗೊತ್ತಾಯಿತು. ತಾನು ಮರೆತರೂ ತಾಯಿ ಮರೆತಿರಲಿಲ್ಲ. ಸೂಜಿಯ ಮುಂದೆ ಮಗಳನ್ನು ತಂದು ನಿಲ್ಲಿಸಿದ್ದಳು. ಅಲ್ಲಿಂದ ತಿರುಗಿಸಿ ಕಳಿಸಿದ್ದು ತನ್ನ ಆರು ಅಂಕಿ. ಗುರುಸಿದ್ದವ್ವ ಎದ್ದು ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, "ಆ ಸೂಜಿ ಹಾಕಿಲ್ರಿ ಸಾಹೇಬ್ರ. ಸುಳ್ಳ ಬರದೇವಿ," ಎಂದಳು.

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಈ ಮಾತ ಮುಂಜಾನೆ ಎಲ್ಲಿ ಹೋಗಿತ್ತು? ಬಾಯಾಗ ಏನ ಇಟ್ಕೊಂಡಿದ್ರಿ? ಇದಕ್ಕ ವಿಷಾ ಇಳಸೂ ಸೀರಂ ಬೇಕು, ನನ್ನ ಹಂತ್ಯಾಕ ಇಲ್ಲ. ಹುಬ್ಬಳ್ಳಿಗೆ ನಡೀರಿ, ಈಗಿಂದೀಗ!"

ಆಂಬುಲೆನ್ಸಿನಲ್ಲಿ ನಿಲೋಫರ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಗುರುಸಿದ್ದವ್ವನ ಕೈಯನ್ನೂ ಬಿಗಿಯಾಗಿ ಹಿಡಿದಿದ್ದಳು. ಹಳಿಯಾಳ ದಾಟಿದರೆ ಎಲ್ಲಿ ನೋಡಿದರೂ ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕೆ ಎರಡೆರಡು ಟ್ರೇಲರು. ಡ್ರೈವರು ಹಾರ್ನು ಒತ್ತಿದ, ಬೈದ, ಮಣ್ಣಿನ ಬದಿಗೆ ಇಳಿಸಿದ. ಖುಷ್ಬೂ ಒಮ್ಮೆ ಕಣ್ಣು ತೆರೆದು ಗುಲಾಬಿ ಸೀರೆ ನೋಡಿದಳು. ಮೂಗಿನಲ್ಲೇ ಮಾತು ಬಂತು. "ನಾನಿ, ಸೂಯೀ ನಕ್ಕೋ."

"ಇಲ್ಲವಾ ನನ್ನ ಬಂಗಾರ, ಮಾಡೂದಿಲ್ಲ," ಎಂದಳು ಗುರುಸಿದ್ದವ್ವ. ಧಾರವಾಡ ಮುಟ್ಟುವ ಮೊದಲೇ ಆ ಗರಗರ ಸದ್ದು ನಿಂತಿತು.

ಐದನೆಯ ದಿನ ಆರೋಗ್ಯ ಇಲಾಖೆಯ ಜೀಪು ಬಂತು. ಗಲ್ಲಿಯ ಮಕ್ಕಳಿಗೆಲ್ಲ ಕೂಡಲೇ ಸೂಜಿ ಹಾಕಬೇಕೆಂದು ಹುಕುಂ ಆಯಿತು. ಸತ್ತ ಹುಡುಗಿಯ ವರದಿಯಲ್ಲಿ ಮಾತ್ರ "ಲಸಿಕೆ ಪೂರ್ಣ" ಎಂದೇ ಇತ್ತು. ಆ ಖಾಸಗಿ ದವಾಖಾನೆಯ ಡಾಕ್ಟರು ಗುರುಸಿದ್ದವ್ವನನ್ನು ಕೇಳಿದ್ದರು, "ಕಾಗದದಾಗ ಇದ್ದದ್ದನ್ನ ನಾ ಬರೀತೇನಿ. ಇಲ್ಲಾ ಅಂತ ನೀವು ಬರದು ಸಹಿ ಮಾಡ್ತೀರೇನು?" ಸಹನಾ ಕಾಲು ಹಿಡಿಯುವುದೊಂದು ಬಾಕಿ. "ಅಕ್ಕಾರ, ನನ್ನ ಹೊಟ್ಯಾಗ ಕೂಸ ಐತಿ," ಎಂದು ಅತ್ತಳು. ಗುರುಸಿದ್ದವ್ವ ಸಹಿ ಮಾಡಲಿಲ್ಲ. ಎರಡನೆಯ ಸಲವೂ ಅವಳು ಬಾಯಿ ಮುಚ್ಚಿಕೊಂಡಳು, ಥೂ!

ಅದರ ಫಲ ಒಂದೇ ದಿನದಲ್ಲಿ ಕಂಡಿತು. ಎಲ್ಲ ಸೂಜಿ ಹಾಕಿಸಿಕೊಂಡ ಹುಡುಗಿಯೇ ಸತ್ತಳೆಂದ ಮೇಲೆ ಸೂಜಿಯಾದರೂ ಯಾಕೆ ಎಂದು ಗಲ್ಲಿಯೆಲ್ಲ ಮಾತಾಯಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅವರದ್ದೇನು ತಪ್ಪು? ಆದರೆ ನಿಲೋಫರಳ ಎರಡನೆಯ ಕೂಸು ರಾಹಿಲ, ಒಂದೂವರೆ ವರ್ಷದವನು, ಅಕ್ಕನ ಎಂಜಲು ತಟ್ಟೆಯಲ್ಲೇ ಉಂಡವನು. ಅವನಿಗೆ ಈ ಸೂಜಿ ತಪ್ಪಿದರೆ ಏನಾದೀತೆಂದು ಗುರುಸಿದ್ದವ್ವನಷ್ಟು ಚೆನ್ನಾಗಿ ಆ ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೂಜಿಯ ಡಬ್ಬಿ ಹಿಡಿದ ಸಹನಾಳನ್ನು ಟಾಯರ್ ರಾಶಿಯ ಹತ್ತಿರ ನಿಲ್ಲಿಸಿ ಒಬ್ಬಳೇ ಹೋಗಿ ಬಾಗಿಲು ತಟ್ಟಿದಳು.

ನಿಲೋಫರ ರಾಹಿಲನನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಕೂಸಿನ ಮೂಗು ಸೋರುತ್ತಿತ್ತು.

"ಬ್ಯಾಡ್ರಿ ಅಕ್ಕಾ. ಒಬ್ಬಾಕಿಗೆ ಎಲ್ಲಾ ಮಾಡಿಸಿದ್ನೆಲ್ಲಾ, ಏನಾತು? ಇವನನ್ನ ಅಲ್ಲಾನ ಮ್ಯಾಲ ಬಿಟ್ಟೇನಿ."

"ಮಾಡಿಸಿರಲಿಲ್ಲವಾ," ಎಂದಳು ಗುರುಸಿದ್ದವ್ವ. ಹೇಳುತ್ತ ಹೇಳುತ್ತ ಹೊಸ್ತಿಲ ಮುಂದೆ ಕುಸಿದು ಕೂತಳು. "ಮುಂಡಗೋಡದಾಗ ನೀ ಹೇಳಿದ್ದ ಖರೇ ಇತ್ತು. ಆ ಸೂಜಿ ಆಗಿರಲಿಲ್ಲ. ನನ್ನ ಫೋನಿಗೆ ಓಟಿಪಿ ಬಂತು, ನಾ ಹೇಳಿದೆ, ಹಸಿರ ಬಿತ್ತು. ಸೂಜಿ ಸುಳ್ಳಲ್ಲ ತಾಯಿ, ನಾ ಸುಳ್ಳು. ನನಗ ಏನ ಶಿಕ್ಷಾ ಕೊಡತಿ ಕೊಡು. ಇವನಿಗೆ ಮಾತ್ರ ಹಾಕಸು, ನಿನ್ನ ಕಾಲ ಬೀಳತೇನಿ."

ನಿಲೋಫರ ಅಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಎರಡು ಕಾಗದ ತಂದಳು. ಒಂದು ಖುಷ್ಬೂನ ಲ್ಯಾಮಿನೇಶನ್ ಹಾಳೆ, ಇನ್ನೊಂದು ರಾಹಿಲನ ಲಸಿಕೆ ಬರೆದ ತಾಯಿ ಕಾರ್ಡು. ಎರಡನ್ನೂ ಗುರುಸಿದ್ದವ್ವನ ತೊಡೆಯ ಮೇಲಿಟ್ಟಳು.

"ಇವನ ಕಾರ್ಡಿನ್ಯಾಗ ಖರೇ ಯಾವುದು, ಸುಳ್ಳ ಯಾವುದು? ನೀವ ಹೇಳ್ರಿ."

"ಎಲ್ಲಾ ಖರೇ ಅದಾವವಾ, ಆಣಿ ಮಾಡಿ ಹೇಳತೇನಿ. ನನ್ನ ಕಣ್ಣ ಮುಂದ ಚುಚ್ಚಿದ್ದು."

"ಖುಷ್ಬೂನ ಕಾಗದಾ ಕೊಡೂಮುಂದೂ ಹಿಂಗ ಹೇಳಿದ್ರಿ ಅಕ್ಕಾ." ನಿಲೋಫರಳ ಧ್ವನಿ ಏರಲಿಲ್ಲ. "ಆ ಡಬ್ಬ್ಯಾಗ ಇರೂದು ಸೂಜೀನ ಅಂತ ನಾ ಹೆಂಗ ನಂಬಲಿ? ಹೋಗ್ರಿ. ಮತ್ತ ಬರಬ್ಯಾಡ್ರಿ."

ಬಾಗಿಲು ಮುಚ್ಚಿತು, ಒಳಗಿನಿಂದ ಅಗಳಿ ಬಿತ್ತು. ಗುರುಸಿದ್ದವ್ವ ಎರಡೂ ಕಾಗದ ಹಿಡಿದು ಅಲ್ಲೇ ಕೂತಿದ್ದಳು. ಆಗ ಫೋನು ಗುಂಯ್ ಎಂದಿತು. ರಾಹಿಲನ ಹೆಸರು, ಅದರ ಕೆಳಗೆ ಆರು ಅಂಕಿ.

"ಅಕ್ಕಾರ," ಸಹನಾ ಟಾಯರ್ ರಾಶಿಯ ಕಡೆಯಿಂದ ಮೆಲ್ಲಗೆ ಕೂಗಿದಳು. "ಜೀಪಿನ್ಯಾಗ ಸಾಹೇಬ್ರು ಕಾಯಾಕತ್ತಾರ. ಇವತ್ತಿನ ಪಟ್ಟಿ ಸಂಜೀಕ ಕೊಡಬೇಕಂತ. ಓಟಿಪಿ ಬಂತೇನ್ರಿ?"

ಗುರುಸಿದ್ದವ್ವ ಆ ಆರು ಅಂಕಿಯನ್ನು ನೋಡಿದಳು.

"ಬಂದಿಲ್ರಿ. ಇನ್ನ ಮ್ಯಾಲ ಬರೂದೂ ಇಲ್ಲ."

ಫೋನು ಬಂದ್ ಮಾಡಿ ಬಾಗಿಲ ಕಡೆ ತಿರುಗಿದಳು. "ನಿಲೋಫರ, ಒಂದ ಸಲ ಬಾಗಲಾ ತಗಿಯವಾ," ಎಂದಳು. ಅಂಗೈಯಿಂದ ಬಡಿದಳು, ಮತ್ತೆ ಬಡಿದಳು. ಒಳಗೆ ರಾಹಿಲ ಕೆಮ್ಮುತ್ತಿದ್ದ, ಅಗಳಿ ತೆಗೆಯುವ ಸದ್ದು ಕೇಳಲಿಲ್ಲ.