ಆರು ಬಿದ್ದರೆ ಮಾತ್ರ

ಕಾಫಿ ತೋಟಕ್ಕೆ ಹುಲಿ ಹೊಕ್ಕು ಮೂರು ದಿನವಾಗಿತ್ತು. ಅಂಗಡಿಗೆ ಹೊರಟಿದ್ದ ಸುಧೀಶನನ್ನು ಫಾರೆಸ್ಟಿನವರು ದಾರಿಯಲ್ಲೇ ತಡೆದು, ಬೇಗೂರಿನ ಫುಟ್‌ಬಾಲ್ ಕ್ಲಬ್ಬಿನ ಕೋಣೆಗೆ ನೂಕಿ, ಹೇಳುವ ತನಕ ಕದ ತೆಗೆಯಬೇಡ ಎಂದು ಹೋದರು. ಒಳಗೆ ಸಿಕ್ಕಿಕೊಂಡಿದ್ದವನು, ಅವನಿಗೆ ಮುಖ ನೋಡಲೂ ಮನಸ್ಸಿಲ್ಲದ ಕ್ಲಬ್ ಕಾರ್ಯದರ್ಶಿ ಪ್ರಜಿತ್. ಪೆರಿಕಲ್ಲೂರಿನ ಪಂದ್ಯಕ್ಕೆ ಇವತ್ತು ಸಂಜೆಯೊಳಗೆ ಹೆಸರು ಕಳಿಸಬೇಕು. ಎರಡು ವರ್ಷ ಗೋಲು ಕಾದವನು ಸುಧೀಶ. ಪಟ್ಟಿಯಲ್ಲಿ ಗೋಲು ಕಾಯುವ ಗೋಲಿ ಎಂದು ಪ್ರಜಿತ್ ಬರೆದದ್ದು ತನ್ನ ತಮ್ಮ ನಿಧಿನನ ಹೆಸರು.

ಹೊತ್ತು ಹೋಗಬೇಕಲ್ಲ, ಪ್ರಜಿತ್ ತಾನೇ ಮಾಡಿದ ದಾಳದ ಫುಟ್‌ಬಾಲ್ ಹರಡಿದ. ರಟ್ಟಿನ ಮೇಲೆ ಮೈದಾನ, ಊರಿನ ಆಟಗಾರರ ಹೆಸರಿನ ಚೀಟಿಗಳು, ಚೆಂಡಿಗೆ ಒಂದು ಕಾಫಿ ಬೀಜ. ನಾಲ್ಕೋ ಅದಕ್ಕಿಂತ ಹೆಚ್ಚೋ ಬಿದ್ದರೆ ಬೀಜ ಒಂದು ಮನೆ ಮುಂದೆ. ಇಲ್ಲದಿದ್ದರೆ ದಾಳ ಎದುರಿನವನಿಗೆ. ಬೀಜ ಗೋಲಿನ ಮುಂದೆ ಬಂದರೆ ಗೋಲಿ ದಾಳ ಹಾಕಬೇಕು. ಅವನ ಚೀಟಿಯ ಅಂಕೆಗಿಂತ ಕಡಿಮೆ ಬಿತ್ತೋ, ಗೋಲು.

ನಿಧಿನನ ಚೀಟಿಯಲ್ಲಿ ಮೂರು. ಸುಧೀಶನ ಚೀಟಿಯಲ್ಲಿ ಆರು.

ಸುಧೀಶ ತನ್ನದೇ ಚೀಟಿ ಹಿಡಿದು ಐದು ಗೋಲು ತಿಂದ ಮೇಲೆ, ದಾಳ ಹಾಕುವುದಕ್ಕೂ ಕೈ ಬೇಕು ಎಂದು ಪ್ರಜಿತ್ ನಕ್ಕ. ಉತ್ತರ ಪತ್ರಿಕೆಯ ಮೇಲೆ ಕ್ಲಾಸಿನ ಮಾಷ್ ಬರೆದ ಅಂಕೆ ನೋಡಿ ಎಂಟನೆಯ ಕ್ಲಾಸಿನಲ್ಲೇ ಶಾಲೆ ಬಿಟ್ಟವನು ಸುಧೀಶ. ಅವನು ತನ್ನ ಚೀಟಿಯನ್ನು ಪ್ರಜಿತ್ ಕಡೆಗೆ ಸರಿಸಿದ.

"ಚೀಟಿ ಬದಲು ಮಾಡುವ ಪ್ರಜಿತಣ್ಣ. ನೀವು ಸುಧೀಶ ಆಗಿ ನೋಡಿ."

ಪ್ರಜಿತ್ ಸಲೀಸಾಗಿ ಒಪ್ಪಿದ. ಎರಡು ಬಿತ್ತು, ಗೋಲು. ಐದು ಬಿತ್ತು, ಆದರೂ ಗೋಲು. ನಾಲ್ಕನೆಯ ಗೋಲಿಗೆ ಅವನು ದಾಳವನ್ನು ಗೋಡೆಗೆ ಎಸೆದ.

"ಈ ಚೀಟಿ ಇಟ್ಕೊಂಡು ಯಾವನು ತಡೀತಾನೆ?"

"ಬರ್ದದ್ದು ಯಾರು?"

ಪ್ರಜಿತ್ ಹೋದ ವರ್ಷದ ಫೈನಲಿನಲ್ಲಿ ಸುಧೀಶ ಬಿಟ್ಟ ಮೂರು ಗೋಲಿನ ಮಾತು ಎತ್ತಿದ.

"ಅವತ್ತು ಬ್ಯಾಕ್ ಆಡ್ಬೇಕಿದ್ದ ನಿಮ್ಮ ತಮ್ಮ ಬರ್ಲಿಲ್ಲ. ಹಿಂದೆ ಒಬ್ಬನೂ ಇಲ್ದೆ ನಾನು ನಿಂತೆ. ಅದಕ್ಕೆ ಅಂಕೆ ಎಲ್ಲಿ ಬರ್ದಿದ್ದೀರಿ?"

ಪ್ರಜಿತ್ ಪೆನ್ಸಿಲ್ ತೆಗೆದು ಆರನ್ನು ಹೊಡೆದು ಹಾಕಿ ಮೂರು ಎಂದು ಬರೆದ.

"ಚೀಟಿ ಬೇಡ. ಪಟ್ಟಿ ತಿದ್ದಿ."

"ಎಡಾ ಸುಧೀ, ಅದು ಬೆಳಿಗ್ಗೆಯೇ ಕಳಿಸಿ ಆಯ್ತು."

ಸುಧೀಶ ಎದ್ದು ಹೋಗಿ ಚಿಲಕ ಹಿಡಿದ. ಹೊರಗೆ ಜೀಪಿನ ಮೈಕು, ಯಾರೂ ಹೊರಗೆ ಬರಬಾರದು ಎಂದು ಮಲಯಾಳದಲ್ಲಿ ಕೂಗುತ್ತಾ ಹಾದುಹೋಯಿತು. ಆ ಸದ್ದು ಅಡಗುವ ತನಕ ನಿಂತಿದ್ದು, ಅವನು ಮರಳಿ ಬಂದು ಕೂತ. ಪ್ರಜಿತ್ ತಿದ್ದಿದ ಚೀಟಿಯನ್ನು ಅವನ ಕಡೆಗೆ ತಳ್ಳಿದ. ಸುಧೀಶ ಅದನ್ನು ಮುಟ್ಟಲಿಲ್ಲ. ಕೈ ಚಾಚಿ ಗೋಡೆಯ ಬುಡದಿಂದ ದಾಳ ಹೆಕ್ಕಿ, ಪ್ರಜಿತನಿಗೂ ಕೊಡದೆ, ತಾನೂ ಎಸೆಯದೆ, ಮುಷ್ಟಿಯಲ್ಲೇ ಹಿಡಿದುಕೊಂಡ.