ಫಕೀರವ್ವನ ಮನೆಯ ವಿಳಾಸ

ನಾನು ಒಂದು ಕನ್ನಡ ಟೈಪ್ ಮಷೀನು. ಕಾರ್ಖಾನೆಯಲ್ಲಿ ನನ್ನ ಅಕ್ಷರಗಳನ್ನು ಒಂದೊಂದಾಗಿ ಕಡ್ಡಿಗೆ ಕೂರಿಸಿದವರ ಮುಖ ನೆನಪಿಲ್ಲ, ಬೆರಳಿನ ಬಿಸಿ ಮಾತ್ರ ನೆನಪಿದೆ. ಅಲ್ಲಿಂದ ಗದಗಿನ ಒಂದು ಟೈಪಿಂಗ್ ಶಾಲೆಗೆ ಬಂದೆ. ಎರಡು ಜಡೆಯ ಹುಡುಗಿಯರು ನನ್ನ ಮೇಲೆ ಕಲಿತರು, ಸಿಟ್ಟು ಬಂದಾಗ ಗುದ್ದಿದರು. ಶಾಲೆ ಮುಚ್ಚಿದಾಗ ಅವರಲ್ಲೊಬ್ಬಳು, ಮಹಾನಂದಾ, ನನ್ನನ್ನು ಸೈಕಲ್ಲಿನ ಮೇಲೆ ಇಟ್ಟುಕೊಂಡು ಹೋದಳು. ಕೋರ್ಟಿನ ಆವರಣದಲ್ಲಿ ಒಂದು ತಗಡಿನ ನೆರಳು ಹುಡುಕಿ ಕೂತಳು. ಜನ ಅವಳನ್ನು ನಂದಕ್ಕ ಎಂದರು.

ನಂದಕ್ಕ ಕಾನೂನು ಓದಿದವಳಲ್ಲ. ಇಪ್ಪತ್ತು ವರ್ಷ ಅರ್ಜಿ ಟೈಪ್ ಮಾಡಿ ಮಾಡಿ ಕಲಿತವಳು. ಹೆಂಗಸರು ಕಷ್ಟ ಹೇಳುವಾಗ ಅವಳು ಮುಖ ನೋಡುತ್ತಿರಲಿಲ್ಲ, ನನ್ನ ರಿಬ್ಬನ್ ಸರಿಮಾಡುತ್ತ ಕೇಳುತ್ತಿದ್ದಳು. ರಿಬ್ಬನ್ ಸರಿಯಾಗಿಯೇ ಇರುತ್ತಿತ್ತು. ಯಾರೂ ಮುಖ ನೋಡದಿದ್ದರೆ ಏಟಿನ ಮಾತು ಬಾಯಿಗೆ ಬರುತ್ತದೆ ಎಂದು ನನಗೆ ಬಹಳ ತಡವಾಗಿ ತಿಳಿಯಿತು.

ಒಂದು ಮಧ್ಯಾಹ್ನ ಫಕೀರವ್ವ ಬಂದಳು. ಊದಿದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಮಾತು ಅವಳ ಅಣ್ಣ ನಿಂಗಪ್ಪನದು.

“ಡೈವೋರ್ಸ್ ಅರ್ಜಿ ಮಾಡ್ರಿ ಅಕ್ಕಾರ. ಅದಿಲ್ದ ಈಕಿ ಗಂಡನ ಕೈ ನಿಲ್ಲಂಗಿಲ್ಲ. ಈಕಿನ್ನ ನಮ್ಮನಿಗೆ ಕರಕೊಂಡು ಹೋಗ್ತೀನಿ.”

ನಂದಕ್ಕ ರಿಬ್ಬನ್ ಹಿಡಿದಳು. “ನಿನಗ ಬೇಕೇನವ್ವಾ ಡೈವೋರ್ಸ್?”

“ನನಗ ಹೊಡತ ನಿಲ್ಲಬೇಕ್ರಿ,” ಎಂದಳು ಫಕೀರವ್ವ. “ಮನಿ ಬಿಡಾಕ ಒಲ್ಲೆ. ಹುಡುಗೀರ ಸಾಲಿ ಅಲ್ಲೇ ಐತಿ.”

“ಅದ ಮನ್ಯಾಗ ಇದ್ದು ಅವನ ಮ್ಯಾಲೆ ಅರ್ಜಿ ಹಾಕ್ತೀಯಾ? ಊರು ನಗತೈತಿ!” ಎಂದು ನಿಂಗಪ್ಪ ರೇಗಿದ.

“ಊರಿಗೇನು ಮೊಣಕೈ ನೋಯತೈತೇನು? ನೀ ಸುಮ್ನ ಕುಂದ್ರೋ ನಿಂಗಪ್ಪಾ,” ಎಂದಳು ನಂದಕ್ಕ. “ಡೈವೋರ್ಸ್ ಬ್ಯಾರೆ, ಇದು ಬ್ಯಾರೆ. ಹೊಡೀಬಾರದು, ಮನಿಂದ ಹೊರಗ ಹಾಕಬಾರದು ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡ್ತಾರ. ಮನಿ ಗಂಡನ ಹೆಸರಿನ್ಯಾಗ ಇದ್ದರೂ ಅಲ್ಲೇ ಇರಾಕ ಈಕಿಗೆ ಹಕ್ಕು ಐತಿ.”

ಹಾಗೆಂದವಳೇ ಕಾರ್ಬನ್ ಇಟ್ಟು ಮೂರು ಹಾಳೆ ನನಗೆ ತೊಡಿಸಿ ಟೈಪ್ ಮಾಡತೊಡಗಿದಳು. ಮುಗಿದ ಮೇಲೆ ಎಂದಿನಂತೆ ಗಟ್ಟಿಯಾಗಿ ಓದಿದಳು. ಓದಲು ಬಾರದವರು ತಮ್ಮ ಅರ್ಜಿಯನ್ನು ಕಿವಿಯಿಂದಲಾದರೂ ನೋಡಬೇಕು ಎನ್ನುವುದು ಅವಳ ನಿಯಮ.

“ಅರ್ಜಿದಾರಳು ಸದ್ಯ ತವರುಮನೆಯಲ್ಲಿ ಆಶ್ರಯ ಪಡೆದಿದ್ದು...”

“ಅಕ್ಕಾರ,” ಫಕೀರವ್ವ ತಡೆದಳು. “ನಾ ಎಲ್ಲೂ ಹೋಗಿಲ್ರಿ. ನನ್ನ ಮನ್ಯಾಗ ಅದೀನಿ.”

ನಂದಕ್ಕ ನಾಲಿಗೆ ಕಚ್ಚಿಕೊಂಡಳು. ನನಗೂ ನಾಚಿಕೆಯಾಯಿತು. ಅದುವರೆಗೆ ಆ ತಗಡಿನ ಕೆಳಗೆ ಬಂದವರೆಲ್ಲ ಮೊದಲೇ ಮನೆಯಿಂದ ಹೊರಬಿದ್ದವರು. ನೂರಾರು ಅರ್ಜಿಗಳಲ್ಲಿ ಅದೇ ಸಾಲು. ಅವಳ ಬೆರಳು, ನನ್ನ ಕಡ್ಡಿಗಳು, ಎರಡೂ ಕೇಳದೆಯೇ ಓಡಿದ್ದವು. ಹಾಗೆಯೇ ಹೋಗಿದ್ದರೆ, ತಾನೇ ಮನೆ ಬಿಟ್ಟವಳು ಎಂದು ಎದುರಿನ ವಕೀಲರು ಹಿಡಿದುಕೊಳ್ಳುತ್ತಿದ್ದರು.

“ತಪ್ಪು ನನ್ನದವ್ವಾ,” ಎಂದು ನಂದಕ್ಕ ಮೂರೂ ಹಾಳೆ ಹರಿದಳು. ಮತ್ತೆ ಮೊದಲಿಂದ. ಈ ಸಲ ಓಣಿ, ಮನೆ ನಂಬರು ಎಲ್ಲ ಕೇಳಿ ಕೇಳಿ ಟೈಪ್ ಮಾಡಿದಳು. ಆಮೇಲೆ ನನಗೆ ಬಟ್ಟೆ ಹೊದಿಸಿ, ಫಕೀರವ್ವನನ್ನು ತಾನೇ ಕರೆದುಕೊಂಡು, ಮನೆಯೊಳಗಿನ ಹಿಂಸೆಯ ದೂರು ನೋಡುವ ಸಂರಕ್ಷಣಾಧಿಕಾರಿಯ ಕಚೇರಿಗೆ, ಅಲ್ಲಿಂದ ಉಚಿತ ಕಾನೂನು ನೆರವಿನವರ ಬಳಿಗೆ ನಡೆದಳು. ನಿಂಗಪ್ಪ ಗೊಣಗುತ್ತಲೇ ಹಿಂದೆ ಹೋದ. ಕೆಲವು ವಾರಗಳಲ್ಲಿ ಮಧ್ಯಂತರ ಆದೇಶ ಬಂತು. ಗಂಡ ಕೈ ಎತ್ತುವಂತಿಲ್ಲ, ಅವಳನ್ನು ಹೊರಹಾಕುವಂತಿಲ್ಲ.

ಮರುವರ್ಷ ನಂದಕ್ಕ ಕಂಪ್ಯೂಟರ್ ತಂದಳು. ನಾನು ಮೂಲೆ ಸೇರಿದೆ. ಆಗ ಫಕೀರವ್ವ ಇನ್ನೊಮ್ಮೆ ಬಂದಳು. ಮೊಣಕೈ ನೆಟ್ಟಗಿತ್ತು.

“ಬಾಗಲಕ್ಕ ಹಚ್ಚಾಕ ಒಂದು ಹೆಸರು ಮಾಡಿಕೊಡ್ರಿ ಅಕ್ಕಾರ. ನನ್ನ ಅರ್ಜಿ ಮಾಡಿದ ಮಷೀನ್ಯಾಗ.”

“ಮನಿ ಗಂಡಂದು, ಹೆಸರಿನ ಪಾಟಿ ನಿಂದೇನ?”

“ಅಲ್ಲಿ ಇರಾಕಿ ನಾನ ಅಲ್ಲೇನ್ರೀ!”

ನಂದಕ್ಕ ನಗುತ್ತ ನನ್ನ ಧೂಳು ಒರೆಸಿದಳು. ‘ಫಕೀರವ್ವ’ ಎಂದಾಯಿತು. ಅರ್ಜಿಗಳಲ್ಲಿ ಹೆಂಗಸಿನ ಹೆಸರಾದ ಮೇಲೆ ‘ಕೋಂ’ ಎಂದು ಹಾಕಿ ಗಂಡನ ಹೆಸರು ಬರೆಯುವುದು ರೂಢಿ. ಈ ಸಲ ಅವಳ ಬೆರಳು ಗಾಳಿಯಲ್ಲೇ ನಿಂತು ಕೇಳಿತು.

“ಅಷ್ಟ ಸಾಕ್ರಿ,” ಎಂದಳು ಫಕೀರವ್ವ.

ನಾನು ಅಚ್ಚು ಹಾಕಿದ ಕೊನೆಯ ಕಾಗದ ಅದು. ಸಾವಿರಾರು ಅರ್ಜಿಗಳಲ್ಲಿ ಎಷ್ಟೊಂದು ದೊಡ್ಡ ಮಾತು ಬರೆದೆ. ಅವೆಲ್ಲ ಯಾವ ಕಪಾಟಿನಲ್ಲಿವೆಯೋ ಗೊತ್ತಿಲ್ಲ. ಈ ಒಂದು ಪದ ಮಾತ್ರ ಎಲ್ಲಿದೆ ಎಂದು ನನಗೆ ಗೊತ್ತು.