ಮೊಟ್ಟೆ ಏಡಿಯ ಕಟ್ಟು

ಯಾರು ತೆಗೆದದ್ದೋ, ಆ ವಿಡಿಯೊ ಬೆಳಗಿನಿಂದ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ಬುಟ್ಟಿ ತುಂಬ ಮೊಟ್ಟೆ ಹೊತ್ತ ಏಡಿಗಳು. ಕೆಳಗೆ ಇವರು ದೋಣಿ ಕಟ್ಟುವ ದಕ್ಕೆಯ ಹೆಸರು, ಅದರ ಕೆಳಗೆ 'ಬೀಜ ತಿನ್ನುವವರು' ಎಂಬ ಬರಹ.

ಮೊಟ್ಟೆ ಏಡಿ ಬಲೆಗೆ ಬಿದ್ದರೆ ವಾಪಸು ಹೊಳೆಗೆ ಬಿಡಬೇಕು, ಅದು ದಕ್ಕೆಯ ಕಟ್ಟಳೆ. ಆ ಮಾತು ನಂಬಿಯೇ ಕುಂದಾಪುರದ ಹೋಟೆಲಿನವರು ಇವರ ಏಡಿ ಕೊಳ್ಳುತ್ತಿದ್ದದ್ದು. ಈಗ ಆ ಹೋಟೆಲಿನ ಮ್ಯಾನೇಜರ್ ದಕ್ಕೆಗೇ ಬಂದು ಎಲ್ಲರ ಎದುರು ನಿಂತಿದ್ದ. ತಪ್ಪು ಮಾಡಿದವರು ಸಿಗದಿದ್ದರೆ ಯಾರ ಏಡಿಯೂ ಬೇಡವಂತೆ.

"ಇದೆಲ್ಲ ಬೈಂದೂರು ಬದಿಯವ್ರ ಕಿತಾಪತಿ," ಎಂದು ನಾಗ ಎಲ್ಲರಿಗಿಂತ ಜೋರಾಗಿ ಕೂಗಿದ.

"ಬೊಬ್ಬೆ ಹಾಕ್ಬೇಡ ಮರಾಯ. ಕಟ್ಟೇ ಹೇಳತ್ತ್," ಎಂದ ಮೀನುಗಾರರ ಸಂಘದ ಅಧ್ಯಕ್ಷ ಲೀಲಾಧರ. "ಮನಿಗೊಬ್ರ್ ಒಂದೊಂದ್ ಏಡಿ ಕಟ್ಟಿ ಕಾಣ್ಸಿ."

ಏಡಿಯ ಕಾಲಿಗೆ ಹಾಕುವ ದಾರದ ಕಟ್ಟು ಮೇಲಿನಿಂದ ನೋಡಿದರೆ ಎಲ್ಲರದೂ ಒಂದೇ. ಬುಟ್ಟಿ ಬೆರೆತರೆ ಗುರುತಿರಲಿ ಎಂದು ತುದಿಯನ್ನು ಎಲ್ಲಿ ಸಿಕ್ಕಿಸುತ್ತಾರೆಂಬುದು ಮಾತ್ರ ಆಯಾ ಮನೆಯ ಗುಟ್ಟು. ವಿಡಿಯೊದಲ್ಲಿ ಒಂದು ಏಡಿ ಮಗುಚಿ ಬಿದ್ದಿತ್ತು. ತುದಿ ಎಡಗಾಲಿನಡಿ ಇತ್ತು. ಅದು ಅಕ್ಕ ವನಜಳ ಕೈಕೆಲಸವೆಂದು ನಾಗನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಮೊನ್ನೆ ಬಚ್ಚಲಿನ ಹಿಂದೆ ಗೋಣಿ ಮುಚ್ಚಿದ್ದ ಅದೇ ಬುಟ್ಟಿಯನ್ನು ಅವನು ಕಂಡಿದ್ದ. ಕೇಳಿರಲಿಲ್ಲ.

ಸರದಿ ಬಂದಾಗ ದಾರದ ತುದಿ ಹಿಡಿದ ವನಜಳ ಬೆರಳು ಎಡಕ್ಕೆ ಹೋಯಿತು, ತಡೆಯಿತು, ಬಲಕ್ಕೆ ತಿರುಗಿತು.

"ಇದ್ ನಿಮ್ಮನಿ ಕಟ್ಟಾ?" ಲೀಲಾಧರ ಕೇಳಿದ.

"ಹೌದ್," ಎಂದ ನಾಗ.

ಪಕ್ಕದ ಮನೆಯ ಮುತ್ತು ನಗುತ್ತ ಮುಂದೆ ಬಂದಳು. "ನಾ ಕಟ್ಟ್ದದ್ದ್ ಯಾವ್ದೂ ತಪ್ಪಿಸ್ಕಂಡ್ ಹೋಯ್ಲ. ಬೇಕಾರೆ ನಮ್ಮನಿಯವ್ರನ್ನ್ ಕೇಣಿ." ಮದುವೆಯಾಗಿ ಬಂದ ವರ್ಷ ಅವಳಿಗೆ ಕಟ್ಟು ಕಲಿಸಿದ್ದು ವನಜ. ತುದಿ ಸೀದಾ ಎಡಗಾಲಿನಡಿ ಹೋಯಿತು.

ಸುತ್ತಲಿನವರ ನಗೆ ನಿಂತಿತು. ಮ್ಯಾನೇಜರ್ ಫೋನನ್ನು ಏಡಿಯ ಪಕ್ಕ ಹಿಡಿದ. ಲೀಲಾಧರ ಮುತ್ತುವಿನ ಬುಟ್ಟಿಯನ್ನು ಕಾಲಿನಿಂದ ಬದಿಗೆ ನೂಕಿದ. "ನಾಳಿಂದ ಈ ದಕ್ಕಿಗ್ ಬರೂದ್ ಬೇಡ."

"ವನಜಕ್ಕ, ನೀವಾರೂ ಹೇಳಿ," ಎಂದಳು ಮುತ್ತು.

ವನಜ ಹೊಳೆ ನೋಡುತ್ತಿದ್ದಳು.

ನಾಗ ಮುಂದೆ ನುಗ್ಗಿದ. ಸಿಟ್ಟು ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. "ವಿಡಿಯೊದಂಗಿಪ್ಪು ಬುಟ್ಟಿ ನಮ್ಮನಿದ್. ಕಟ್ಟಿದ್ದ್ ಅಕ್ಕ. ನಾ ಆಗ ಹೇಳಿದ್ದ್ ಸುಳ್ಳ್."

ಲೀಲಾಧರ ಮುತ್ತುವಿನ ಬುಟ್ಟಿ ಬಿಟ್ಟು ವನಜಳ ಬುಟ್ಟಿಯನ್ನು ಬದಿಗೆ ನೂಕಿದ.

ಮುತ್ತು ನಾಗನನ್ನೇ ದಿಟ್ಟಿಸಿದಳು. "ಬೆಳಿಗ್ಗಿಂದ ಗೊತ್ತಿತ್ತಾ ನಿಂಗೆ?"

ಅವನು ಬಾಯಿ ತೆರೆಯುವುದರೊಳಗೆ ಅವಳು ತನ್ನ ಬುಟ್ಟಿ ಎತ್ತಿಕೊಂಡು ದಕ್ಕೆಯ ಆಚೆ ತುದಿಗೆ ನಡೆದಳು.